ಬಾಗಿಲಲ್ಲಿ ನಿಂತು ಕಲಿತ ಮಾತು

ಹೋದ ಮಂಗಳವಾರ ನಮ್ಮ ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಬೆಳಿಗ್ಗೆ ಒಂಬತ್ತೂವರೆಗೇ ಹತ್ತು ಹದಿನೈದು ಹುಡುಗ ಹುಡುಗಿಯರು ಫೈಲುಗಳನ್ನು ಮಡಿಲಲ್ಲಿಟ್ಟುಕೊಂಡು ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಅವರ ನಡುವೆ ಹಾದು ಒಳಗೆ ಹೋಗುವಾಗ ಗಂಜಿಯ ವಾಸನೆ ಬಂತು. ಅನ್ನದ ಗಂಜಿಗೆ ಚೂರು ನೀಲಿ ಬೆರೆಸಿ, ಅದರಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಕೆಂಡದ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ವಾಸನೆ. ಯಾರೋ ಮನೆಯವರು ಮಗನನ್ನೋ ಮಗಳನ್ನೋ ಹಾಗೆ ಸಿದ್ಧ ಮಾಡಿ ಕಳಿಸಿದ್ದರು. ಯಾರ ಬಟ್ಟೆ ಎಂದು ನಾನು ತಿರುಗಿ ನೋಡಲಿಲ್ಲ. ಒಳಗೆ ಹೋಗಿ ಕೂತೆ. ಪಕ್ಕದ ಡಾಕ್ಟರು "ಮೊದಲನೆಯವರನ್ನ ಕರೆಯೋಣವಾ?" ಎಂದು ಕೇಳಿದ್ದು ಎರಡನೆಯ ಸಲಕ್ಕೆ ಕೇಳಿಸಿತು. ಅಷ್ಟರಲ್ಲಿ ನನ್ನ ಮನಸ್ಸು ಧರ್ಮಪುರಿ ಬಿಟ್ಟು, ತೊಪ್ಪೂರು ಘಾಟಿ ಇಳಿದು, ಸೇಲಂನ ನಮ್ಮ ಬೀದಿಗೆ ಹೋಗಿಬಿಟ್ಟಿತ್ತು. ಎದುರುಮನೆ ಮಾವ ತಮ್ಮ ಬಿಳಿ ಯೂನಿಫಾರಮ್ಮಿನ ಮಡಿಕೆ ಮುರಿಯದ ಹಾಗೆ ಜಗಲಿಯ ತುದಿಯಲ್ಲಿ ಕೂತಿದ್ದರು...

ಅವರು ನಮಗೆ ನೆಂಟರಲ್ಲ. ನಮ್ಮದು ನೇಯ್ಗೆಯವರ ಬೀದಿ, ಮನೆಮನೆಯಲ್ಲೂ ಕನ್ನಡ ಮಾತಾಡುವವರು. ಅಂಥ ಬೀದಿಯಲ್ಲಿ ಎದುರುಮನೆಯವರನ್ನು ಬೇರೆ ಏನೆಂದು ಕರೆಯುವುದು? ಅವರು ಮಾವ, ಅವರ ಹೆಂಡತಿ ಅತ್ತೆ. ಮಾವನ ಊರು ನಂಗವಳ್ಳಿ ಕಡೆ. ಬೇಸಾಯದ ಮನೆ. ಎಂಟನೇ ತರಗತಿಯವರೆಗೆ ಓದಿ, ಅದು ಹೇಗೋ ಸೇಲಂನ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆದವರು. ಬೀದಿಯ ಗಂಡಸರೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿರುವ ಹೊತ್ತಿಗೆ ಮಾವ ಒಬ್ಬರೇ ಬಿಳಿ ಬಟ್ಟೆ ತೊಟ್ಟು, ಊಟದ ಡಬ್ಬಿ ಹಿಡಿದು, ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತಾ ಬಸ್ಸಿಗೆ ಹೋಗುತ್ತಿದ್ದರು. ನನಗೆ ಬುದ್ಧಿ ಬರುವವರೆಗೂ ಅವರು ದೊಡ್ಡ ಅಧಿಕಾರಿ ಎಂದೇ ನಾನು ತಿಳಿದಿದ್ದೆ. ಅವರೂ ಅದನ್ನು ಅಲ್ಲವೆಂದು ಹೇಳುವ ಅವಸರ ತೋರಿಸಿರಲಿಲ್ಲ.

ಅವರ ಕೆಲಸ ಬಾಗಿಲಲ್ಲಿ ನಿಲ್ಲುವುದು. ಅಧಿಕಾರಿ ಗಂಟೆ ಬಾರಿಸಿದರೆ ಒಳಗೆ ಹೋಗುವುದು, ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಯ್ಯುವುದು. ಇಂಟರ್‌ವ್ಯೂ ಇದ್ದ ದಿನ ಬಂದವರ ಹೆಸರು ಕೂಗಿ ಒಬ್ಬೊಬ್ಬರನ್ನೇ ಒಳಗೆ ಬಿಡುವುದೂ ಅವರದೇ. ಹಾಗೆ ವರ್ಷಗಟ್ಟಲೆ ಆ ಬಾಗಿಲ ಸಂದಿಯಲ್ಲಿ ಅವರು ಕೇಳಿಸಿಕೊಂಡ ಮಾತು ಎಷ್ಟೋ! ಯಾವ ಪ್ರಶ್ನೆಗೆ ಯಾರು ಏನು ಹೇಳಿದರು, ಹೇಳಿ ಹೊರಗೆ ಬರುವಾಗ ಮುಖ ಹೇಗಿತ್ತು, ಒಂದು ತಿಂಗಳಾದ ಮೇಲೆ ಆರ್ಡರು ಯಾರ ಹೆಸರಿಗೆ ಬಂತು — ಎಲ್ಲ ಅವರ ತಲೆಯಲ್ಲಿತ್ತು. ಇಂಗ್ಲಿಷ್ ಓದಲು ತಡವರಿಸುತ್ತಿದ್ದರು. ಆದರೆ ಕಿವಿಯಿಂದ ಕಲಿತ ಇಂಗ್ಲಿಷ್ ಎಷ್ಟಿತ್ತೆಂದರೆ, ಒಂದು ವಾಕ್ಯ ಕೇಳಿದರೆ ಸಾಕು, ಅದು ಆಫೀಸಿನಲ್ಲಿ ನಡೆಯುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದರು.

ನಾನು ಬಿ.ಕಾಂ. ಮುಗಿಸಿದ ವರ್ಷ ಅಪ್ಪನ ಕಣ್ಣು ಮಂಜಾಗುತ್ತಾ ಬಂದಿತ್ತು. ಕಿತ್ತುಹೋದ ಎಳೆ ಕಾಣಿಸದೆ, ಅಮ್ಮ ಪಕ್ಕದಲ್ಲಿ ಕೂತು ತೋರಿಸಬೇಕಾಗಿತ್ತು. ಯಾರೂ ನನಗೆ ಕೆಲಸಕ್ಕೆ ಹೋಗು ಎಂದು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಮುಂದಿನ ಆರು ತಿಂಗಳಲ್ಲಿ ನಾಲ್ಕು ಕಡೆ ಇಂಟರ್‌ವ್ಯೂಗೆ ಹೋದೆ, ನಾಲ್ಕು ಕಡೆಯಿಂದಲೂ ಬರಿಗೈಯಲ್ಲಿ ಬಂದೆ.

ನಾಲ್ಕನೆಯದು ನಮ್ಮ ಊರಲ್ಲೇ, ಒಂದು ದೊಡ್ಡ ಬಟ್ಟೆ ಅಂಗಡಿಯ ಆಫೀಸಿನಲ್ಲಿ. ಒಳಗೆ ಮೂವರು ಕೂತಿದ್ದರು. ನಿನ್ನ ಬಗ್ಗೆ ಹೇಳು ಎಂದರು. ನಾನು ಅಪ್ಪನಿಂದ ಶುರುಮಾಡಿ, ಮಗ್ಗ, ಅಮ್ಮ, ತಂಗಿ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಒಬ್ಬರು ಗಡಿಯಾರ ನೋಡುತ್ತಿದ್ದರು. ಆಮೇಲೆ ಲೆಕ್ಕಪತ್ರದ ಬಗ್ಗೆ ಏನೋ ಕೇಳಿದರು. ಗಾಬರಿಯಲ್ಲಿ ತಮಿಳು ಮರೆತು, ಕನ್ನಡದಲ್ಲೇ "ಗೊತ್ತಿಲ್ಲ" ಎಂದುಬಿಟ್ಟೆ. ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಕೆಟ್ಟ ನಗು ಏನಲ್ಲ. ನಡುವಿನವರು ಮೆತ್ತಗೆ ಕೇಳಿದರು: "ನೀಂಗ ಎಂದ ಊರು ಮ್ಮಾ?"

ನೀವು ಯಾವ ಊರಿನವರು. ಅವರ ಅಂಗಡಿಯಿಂದ ನಮ್ಮ ಬೀದಿಗೆ ನಡೆದರೆ ಇಪ್ಪತ್ತು ನಿಮಿಷ. ನಮ್ಮ ಮುತ್ತಾತ ಹುಟ್ಟಿದ್ದೂ ಅದೇ ಬೀದಿಯಲ್ಲಿ.

ಆ ಸಂಜೆ ನಾನು ಮನೆಯೊಳಗೆ ಹೋಗದೆ ಜಗಲಿಯಲ್ಲೇ ಕೂತು ಅಳುತ್ತಿದ್ದೆ. ಒಳಗೆ ಅಪ್ಪನ ಮಗ್ಗ ಲಟಕ್ ಲಟಕ್ ಎನ್ನುತ್ತಿದ್ದುದರಿಂದ ಅಳು ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಎದುರುಮನೆಗೆ ಕಾಣಿಸುತ್ತದೆ ಎನ್ನುವುದು ಹೊಳೆದಿರಲಿಲ್ಲ. ಮಾವ ಬೀದಿ ದಾಟಿ ಬಂದರು. ಏನಾಯಿತು ಎಂದು ಕೇಳಲಿಲ್ಲ. ನನ್ನ ಫೈಲು ಎತ್ತಿಕೊಂಡು, ಮೇಲಿದ್ದ ಅರ್ಜಿಯನ್ನು ನನ್ನ ಕೈಗೇ ಕೊಟ್ಟು, "ಓದು, ಕೇಳ್ತೀನಿ" ಎಂದರು.

ಅದು ಗೆಳತಿಯೊಬ್ಬಳ ಅರ್ಜಿ ನೋಡಿ ನಾನು ಇಂಗ್ಲಿಷಿನಲ್ಲಿ ಬರೆದುಕೊಂಡದ್ದು. ನನ್ನದು ಬಡ ಕುಟುಂಬ, ತಂದೆಗೆ ಕಣ್ಣು ಸರಿಯಿಲ್ಲ, ಈ ಕೆಲಸ ಕೊಟ್ಟರೆ ನಿಮಗೆ ಜೀವಮಾನವಿಡೀ ಋಣಿಯಾಗಿರುತ್ತೇನೆ, ಬೇಡಿಕೊಳ್ಳುತ್ತೇನೆ ಎಂದೆಲ್ಲ ಇತ್ತು. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದು ಅಪ್ಲಿಕೇಸನ್ ಅಲ್ಲ ಮಗಾ, ಅಳು" ಎಂದರು. "ಇಂಥವು ದಿನಕ್ ಇಪ್ಪತ್ ಒತ್ಕೊಂಡ್ ಓಗಿ ಮೇಜ್ ಮ್ಯಾಲ್ ಇಡ್ತೀನಿ. ಸಾರು ಎರಡ್ ಸಾಲು ಓದಿ ಪಕ್ಕಕ್ ಇಕ್ತಾರೆ. ನಿಂಗೆ ಕಷ್ಟ ಐತೆ, ಸರಿ. ಅವರ್ಗೇನ್ ಅದ್ರಿಂದ? ನೀನ್ ಏನ್ ಮಾಡ್ಬಲ್ಲೆ, ಅದ್ನ ಬರಿ."

ನನಗೆ ಏನೂ ಬರುವುದಿಲ್ಲ ಎಂದೆ. ಅವರು ನಗಲಿಲ್ಲ. ಒಂದೊಂದೇ ಕೇಳತೊಡಗಿದರು. ಸೀರೆ ಕೊಳ್ಳಲು ಬಂದ ವ್ಯಾಪಾರಿಗಳ ಜೊತೆ ಮಾತಾಡುವುದು ಯಾರು? ನಾನು. ಯಾರಿಗೆ ಯಾವ ಅಂಚು, ಯಾವ ತಾರೀಖಿಗೆ ಕೊಡಬೇಕು ಎಂದು ನೆನಪಿಟ್ಟುಕೊಳ್ಳುವುದು? ನಾನೇ. ತಡವಾದಾಗ ರೇಗಿಕೊಂಡು ಬಂದವರನ್ನು ಕೂರಿಸಿ ಸಮಾಧಾನ ಮಾಡುವುದು? "ಅದೂ ನಾನೇ, ಆದ್ರೆ ಅದೆಲ್ಲ ಮನೆ ಕೆಲ್ಸ ಅಲ್ವಾ ಮಾವ?" ಎಂದೆ. "ಅದುಕ್ಕೆ ಆಫೀಸಲ್ಲಿ ಬ್ಯಾರೆ ಎಸ್ರು ಐತೆ" ಎಂದು ಅವರು ನನ್ನ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ಆ ಹೆಸರುಗಳನ್ನೆಲ್ಲ ಅವರು ಬಾಯಲ್ಲಿ ಹೇಳಿದರು, ಕಾಗುಣಿತ ನಾನು ಹಾಕಿಕೊಂಡೆ. ಕಸ್ಟಮರ್ ಹ್ಯಾಂಡ್ಲಿಂಗ್. ಆರ್ಡರ್ ಫಾಲೋ ಅಪ್. ನನ್ನ ಬದುಕೇ ಯಾರೋ ಬೇರೆ ಹುಡುಗಿಯದೆನ್ನುವ ಹಾಗೆ ಕಾಣಿಸಿತು ಆ ಹಾಳೆಯಲ್ಲಿ.

ಗೊತ್ತಿರುವ ಭಾಷೆಗಳು ಎಂಬಲ್ಲಿ ನಾನು ತಮಿಳು, ಇಂಗ್ಲಿಷ್ ಎಂದಷ್ಟೇ ಬರೆದಿದ್ದೆ. ಕನ್ನಡ ಯಾಕಿಲ್ಲ ಎಂದು ಕೇಳಿದರು. ಅಕ್ಷರ ಬರುವುದಿಲ್ಲವಲ್ಲ ಎಂದೆ. ಆಗ ನನಗೆ ನಿಜವಾಗಿಯೂ ಒಂದಕ್ಷರ ಬರುತ್ತಿರಲಿಲ್ಲ. ಓದು ಬರಹ ಕಲಿತದ್ದೆಲ್ಲ ಕೆಲಸಕ್ಕೆ ಸೇರಿದ ಮೇಲೆ, ಮೊದಲು ರೋಗಿಗಳು ತರುತ್ತಿದ್ದ ಚೀಟಿಗಳಿಂದ, ಆಮೇಲೆ ಹಟ ಹಿಡಿದು ಪುಸ್ತಕಗಳಿಂದ.

"ಬರಿಯಕ್ ಬರ್ದಿದ್ರೆ ಏನು, ಬಾಯಲ್ ಐತಲ್ಲ? ಮಾತಾಡ್ತೀನಿ ಅಂತ ಬರಿ. ಸುಳ್ಳೇನ್ ಅಲ್ಲ."

ಬರೆದೆ. ಆದರೆ ಬಟ್ಟೆ ಅಂಗಡಿಯವರ ನಗು ನೆನಪಾಗಿ ಆ ಪದವನ್ನು ಸ್ವಲ್ಪ ಸಣ್ಣಕ್ಷರದಲ್ಲಿ ಬರೆದೆ.

ಮಾರನೆಯ ಸಂಜೆಯಿಂದ ಅವರ ಜಗಲಿಯಲ್ಲಿ ಪಾಠ ಶುರುವಾಯಿತು. ಕಚೇರಿಯಿಂದ ಬಂದು, ಕೈಕಾಲು ತೊಳೆದು, ಯೂನಿಫಾರಂ ಬಿಚ್ಚದೆ ಕೂರುತ್ತಿದ್ದರು. ಅದನ್ನು ಬಿಚ್ಚಿದರೆ ತಾನು ಬರೀ ಮಾವ ಆಗಿಬಿಡುತ್ತೇನೆ ಎನ್ನುತ್ತಿದ್ದರು. ಅವರು ನಡುವೆ, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಅತ್ತೆ, ಇನ್ನೊಂದು ಪಕ್ಕ ಯಾರೂ ಇಲ್ಲದ ಮಣೆ. ಆ ಮಣೆಯ ಮೇಲೆ ಒಬ್ಬ ಕಡಕ್ಕು ಅಧಿಕಾರಿ ಕೂತಿದ್ದಾನೆ, ಅವನ ಕಡೆಗೂ ಆಗಾಗ ತಿರುಗಿ ಉತ್ತರ ಹೇಳಬೇಕು ಎಂದು ಅಪ್ಪಣೆ. ನಾನು ಬೀದಿಯಿಂದ "ಮೇ ಐ ಕಮ್ ಇನ್ ಸರ್" ಎಂದು ಮೆಟ್ಟಿಲು ಹತ್ತಬೇಕು. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ಮೊದಲ ದಿನ ನಾಚಿಕೆಯಿಂದ ಸತ್ತೇಹೋದೆ. ಹತ್ತನೆಯ ದಿನ ಅವರು ನೋಡುತ್ತಿದ್ದಾರೆ ಎನ್ನುವುದೇ ಮರೆತಿತ್ತು. ಮಾವನಿಗೆ ಬೇಕಾಗಿದ್ದದ್ದೂ ಅದೇ ಇರಬೇಕು...

ಒಂದು ದಿನ "ಮೆಂಬರ್ ಮೇಡಂ, ನೀವೊಂದು ಕೊಶ್ಚನ್ ಕೇಳಿ" ಎಂದು ಅತ್ತೆಯ ಕಡೆ ತಿರುಗಿದರು. ಅತ್ತೆ ಸೊಪ್ಪಿನಿಂದ ತಲೆಯೆತ್ತದೆ "ಅಡುಗೆ ಮಾಡಕ್ ಬತ್ತದಾ?" ಎಂದು ಕೇಳಿದರು. "ಲೇ, ಇದೇನ್ ಹೆಣ್ ನೋಡೋ ಶಾಸ್ತ್ರವಾ? ಇಂಟ್ರೂ!" ಎಂದು ಮಾವ ರೇಗಿದರು. ಅತ್ತೆ ಬಿಡಲಿಲ್ಲ: "ಆಫೀಸ್‌ನೋರು ಊಟ ಮಾಡಾಕಿಲ್ವಾ?" ನಾನು ಮೂರನೆಯ ಅಧಿಕಾರಿಯ ಮಣೆಯ ಮೇಲೇ ಕುಸಿದು ಕೂತು ನಕ್ಕೆ.

ಅವರು ಕಲಿಸಿದ್ದೆಲ್ಲ ಸಣ್ಣ ಸಣ್ಣ ಸಂಗತಿ. ಮಾತಿಗೊಂದು ಸಲ ಸರ್ ಅನ್ನಬೇಡ, ಒಳಗೆ ಹೋಗುವಾಗ ಒಂದು, ಬರುವಾಗ ಒಂದು, ನಡುವೆ ಒಂದೆರಡು ಸಾಕು. ಹೌದು ಎನ್ನುವುದಕ್ಕೆ "ಹೂಂ" ಅನ್ನಬೇಡ. ವಾಕ್ಯ ಮುಗಿಯುವಾಗ ದನಿ ನುಂಗಬೇಡ, ಕಡೆಯ ಪದ ಅವರಿಗೆ ತಲುಪಲಿ. ಗಡಿಬಿಡಿ ಮಾಡಬೇಡ, ಗಾಬರಿಯಾದರೆ ಒಂದು ಉಸಿರು ಎಳೆದುಕೋ, ಯಾರೂ ಬೆನ್ನಟ್ಟಿ ಬರುತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ ಹೇಗೆ ಎಂದು ನಾನು ಕೇಳಿದ್ದಕ್ಕೆ, ವರ್ಷಗಳ ಹಿಂದೆ ಒಬ್ಬ ಹುಡುಗಿ ಒಳಗೆ ಹೇಳಿದ್ದನ್ನು ಅವಳ ದನಿಯಲ್ಲೇ ಹೇಳಿ ತೋರಿಸಿದರು: "ಐ ಡೋಂಟ್ ನೋ ಸರ್. ಐ ವಿಲ್ ಲರ್ನ್." ಹೇಳಿ, ಕೈಯಿಂದ ಗೆರೆ ಎಳೆದ ಹಾಗೆ ಮಾಡಿ, "ಅಷ್ಟೇ. ಅದರ್ ಮ್ಯಾಲ್ ಒಂದ್ ಮಾತ್ ಇಲ್ಲ. ಅವ್ಳಿಗೇ ಬಂತು ಆರ್ಡ್ರು" ಎಂದರು. ಕೆಲಸ ಸಿಕ್ಕ ಮೇಲಿನದೂ ಸ್ವಲ್ಪ ಇತ್ತು. ಯಾರ ಮೇಲಾದರೂ ಕೋಪ ಬಂದರೆ ಆ ಕಾಗದದಲ್ಲಿ 'ಕೈಂಡ್ಲಿ' ಸೇರಿಸಬೇಕಂತೆ. ಕೋಪ ಬಹಳ ಇದ್ದರೆ ಎರಡು ಕೈಂಡ್ಲಿ.

ಧರ್ಮಪುರಿಯ ಆಸ್ಪತ್ರೆಯಿಂದ ಕರೆ ಬಂದಾಗ ಮಾವ ಒಂದು ದಿನ ರಜೆ ಹಾಕಿ ನನ್ನ ಜೊತೆ ಹೊರಟರು. ಅಪ್ಪ ಮಗ್ಗ ಬಿಟ್ಟು ಬರುವ ಹಾಗಿರಲಿಲ್ಲ. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ಬಸ್ಸು ತಡವಾಯಿತು. ನಾನು ಕಿಟಕಿಯ ಕಂಬಿ ಹಿಡಿದು ಒದ್ದಾಡುತ್ತಿದ್ದರೆ ಅವರು ಕಡಲೆಕಾಯಿ ಸುಲಿದು ಕೊಡುತ್ತಾ, ಇಂಟರ್‌ವ್ಯೂ ಎಂದೂ ಹೇಳಿದ ಹೊತ್ತಿಗೆ ಶುರುವಾದದ್ದಿಲ್ಲ ಎಂದು ಧೈರ್ಯ ಹೇಳಿದರು. ಅವರು ಹೇಳಿದ್ದೇ ನಿಜವಾಯಿತು. ನಾವು ಹೋದಾಗ ವರಾಂಡದಲ್ಲಿ ಗದ್ದಲವೋ ಗದ್ದಲ. ಹೆಸರು ಕೂಗುವವರೇ ಇಲ್ಲ. ಮಾವ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಕೈ ಸುಮ್ಮನಿರಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿದರು, ಗೋಡೆಗೆ ಅಂಟಿಸಿದ್ದ ಪಟ್ಟಿ ಕಿತ್ತು ಕೈಯಲ್ಲಿ ಹಿಡಿದರು, ಬಾಗಿಲ ಪಕ್ಕ ನಿಂತರು. ಒಳಗಿನವರು ಅವರನ್ನು ತಮ್ಮ ಆಸ್ಪತ್ರೆಯವರೇ ಯಾರೋ ಎಂದುಕೊಂಡರೇನೋ, ಕೇಳಲೂ ಇಲ್ಲ. ಒಂಬತ್ತನೆಯದಾಗಿ, ಇನಿಷಿಯಲ್ ಸಮೇತ, ಆ ವರಾಂಡವೆಲ್ಲ ಕೇಳುವ ಹಾಗೆ ಮಾವ ನನ್ನ ಹೆಸರು ಕೂಗಿದರು. ನನ್ನ ಹೆಸರು ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದೇ ಮೊದಲು.

ಒಳಗಿದ್ದ ಡಾಕ್ಟರಮ್ಮ ನನ್ನ ಹಾಳೆಯ ಮೇಲೆ ಬೆರಳಿಟ್ಟು ನಿಲ್ಲಿಸಿದ್ದು ಆ ಸಣ್ಣಕ್ಷರದ ಪದದ ಹತ್ತಿರ. ಕನ್ನಡ ಮಾತಾಡುತ್ತೀಯಾ ಎಂದು ತಮಿಳಿನಲ್ಲಿ ಕೇಳಿದರು. ಓದಲು ಬರುವುದಿಲ್ಲ, ಕಲಿಯುತ್ತೇನೆ. ಮಾತು ಮನೆಯದು ಎಂದೆ. ಅವರು ಎದ್ದು ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮೇಟ್ಟೂರು ಕಡೆಯ ಹಳ್ಳಿಯಿಂದ ಬಂದ ಒಬ್ಬ ಮುದುಕಿ ಮಂಚದ ಮೇಲೆ ಕೂತಿದ್ದಳು. ಆಕೆಗೆ ತಮಿಳು ಬರುತ್ತಿತ್ತು. ಆದರೆ ನೋವು ಹೇಳಿಕೊಳ್ಳುವಷ್ಟು ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು "ಏನಾಯ್ತದೆ ಅಜ್ಜಿ?" ಎಂದದ್ದೇ ತಡ, ಆಕೆ ನನ್ನ ಮುಂಗೈ ಹಿಡಿದುಕೊಂಡು, "ಎದೆ ಒಳ್ಗೆ ಇರುವೆ ಅರ್ದಂಗ್ ಆಯ್ತದೆ ಕಣವ್ವಾ, ಎಡಗೈಗೂ ಇಳೀತದೆ" ಎಂದು ಶುರುಮಾಡಿ ಎಲ್ಲ ಹೇಳಿದಳು. ನಾನು ಅದನ್ನು ಒಂದೂ ಬಿಡದೆ, ಅಳು ಬೆರೆಸದೆ, ಬಣ್ಣ ಕಟ್ಟದೆ ಡಾಕ್ಟರಮ್ಮನಿಗೆ ತಮಿಳಿನಲ್ಲಿ ಹೇಳಿದೆ. ಅವರು ಬೇಗ ಬೇಗ ಬರೆದುಕೊಂಡು ನರ್ಸನ್ನು ಕರೆದರು. ನನ್ನ ಕಡೆ ತಿರುಗಿ, "ಒಂದನೇ ತಾರೀಖಿಗೆ ಬಾ" ಎಂದರು.

ಹೊರಗೆ ಬಂದು ಹೇಳಿದಾಗ ಮಾವ ಕೈಯಲ್ಲಿದ್ದ ಪಟ್ಟಿಯನ್ನು ಎಲ್ಲಿಂದ ಕಿತ್ತಿದ್ದರೋ ಅಲ್ಲಿಗೇ ಜೋಪಾನವಾಗಿ ಅಂಟಿಸಿದರು.

ಕೆಲಸಕ್ಕೆ ಸೇರಿ ಮೂರನೆಯ ವರ್ಷ ಒಂದು ಸೋಮವಾರ ನಡೆದದ್ದನ್ನು ಬರೆಯದೆ ಹೋದರೆ ಇದು ಪೂರ್ತಿಯಾಗುವುದಿಲ್ಲ. ಸೋಮವಾರ ಎಂದರೆ ಕೌಂಟರಿನ ಮುಂದೆ ಸಂತೆ. ಹೊಸದಾಗಿ ಬಂದಿದ್ದ ಮ್ಯಾನೇಜರು ನನ್ನ ಹಿಂದೆಯೇ ನಿಂತು ಎಲ್ಲ ಗಮನಿಸುತ್ತಿದ್ದರು. ಕೌಂಟರಿನಲ್ಲಿ ಸ್ವಂತದವರ ಜೊತೆ ಹರಟೆ ಹೊಡೆಯುತ್ತಾಳೆಂದು ಹಿಂದಿನ ವಾರವಷ್ಟೇ ಒಬ್ಬಳನ್ನು ಬೈದಿದ್ದರು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಮುಂದಿದ್ದವರಿಗೆಲ್ಲ "ಟೋಕನ್ ಎಡುತ್ತುಟ್ಟು ಉಕ್ಕಾರುಂಗ" ಎನ್ನುತ್ತಿದ್ದೆ. ಟೋಕನ್ ತೊಗೊಂಡು ಕೂತ್ಕೊಳ್ಳಿ.

"ಲೇ ಮಗಾ, ನಾವ್ ಕಣೇ" ಎಂದಿತು ಒಂದು ದನಿ.

ಅತ್ತೆ. ಪಕ್ಕದಲ್ಲಿ ಮಾವ. ಅತ್ತೆಗೆ ಕಣ್ಣಿನ ಪೊರೆ ತೋರಿಸಲು ಸೇಲಂನ ಅಷ್ಟು ಆಸ್ಪತ್ರೆ ಬಿಟ್ಟು, ಘಾಟಿ ಹತ್ತಿ, ನಾನಿದ್ದೇನೆಂದು ಇಲ್ಲಿಗೆ ಬಂದಿದ್ದರು. ಗುರುತು ಸಿಕ್ಕಿತು. ಸಿಕ್ಕಿಯೂ, ಹಿಂದಿದ್ದ ಮ್ಯಾನೇಜರನ್ನು ನೆನೆದು, ಕಣ್ಣು ಪರದೆಯ ಮೇಲೇ ಇಟ್ಟು, ಅದೇ ದನಿಯಲ್ಲಿ ಅದೇ ಮಾತು ಹೇಳಿದೆ. ಟೋಕನ್ ಎಡುತ್ತುಟ್ಟು ಉಕ್ಕಾರುಂಗ.

ಆಮೇಲೆ ಮಾವನ ದನಿ, ಕಚೇರಿಯ ದನಿ: "ಥ್ಯಾಂಕ್ ಯೂ ಮೇಡಂ." ಅತ್ತೆಯ ಕೈ ಹಿಡಿದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂತರು. ನನಗೆ ಊಟದ ಬಿಡುವು ಸಿಕ್ಕಿ ಓಡಿಹೋಗಿ ನೋಡುವಷ್ಟರಲ್ಲಿ ತಪಾಸಣೆ ಮುಗಿಸಿ ಬಸ್ಸು ಹತ್ತಿಬಿಟ್ಟಿದ್ದರು.

ಆ ವಾರ ಹೇಗೆ ಕಳೆಯಿತೋ... ಭಾನುವಾರ ಸೇಲಂಗೆ ಹೋದೆ. ಬೀದಿಗೆ ಕಾಲಿಟ್ಟರೆ, ಮೂಲೆಮನೆಯವರೇ ಶುರುಮಾಡಿದರು: "ಏನಮ್ಮಾ, ನಮ್ ಅಟೆಂಡರ್‌ಗೇ ಟೋಕನ್ ಕೊಟ್ಯಂತೆ!" ಮಾವ ಬೀದಿಗೆಲ್ಲ ಹೇಳಿದ್ದರು. ಎದೆಯುಬ್ಬಿಸಿ ಹೇಳಿದ್ದರು. ಹುಡುಗಿ ಒಂದಿಷ್ಟೂ ಅಳುಕಲಿಲ್ಲ, ಸ್ವಂತದವರೆಂದು ಸಾಲು ತಪ್ಪಿಸಲಿಲ್ಲ, ದನಿ ಕಡೆಯ ಪದದವರೆಗೂ ಹಾಗೇ ನಿಂತಿತ್ತು ಎಂದು. ಅತ್ತೆ ಮಾತ್ರ ನನ್ನ ಮುಂದೆ ಕಾಫಿ ಲೋಟ ಇಟ್ಟು ಒಂದು ಮಾತಿಲ್ಲದೆ ಒಳಗೆ ಹೋದರು.

ನಾನು ತಪ್ಪಾಯಿತು ಎಂದೆ. ಮಾವ ಕೈಯಾಡಿಸಿದರು. "ಅಲ್ಲಿ ನಾನ್ ನಿನ್ ಮಾವ ಅಲ್ಲ. ನೀನ್ ಮಾಡಿದ್ದೇ ಸರಿ" ಎಂದರು. ಆಮೇಲೆ ಬೀದಿಯ ಕಡೆ ನೋಡುತ್ತಾ ಮೆತ್ತಗೆ ಹೇಳಿದರು:

"ಮಾತ್ ಚೆನ್ನಾಗಿತ್ತು ಮಗಾ. ಮುಖ ನೋಡ್ಲಿಲ್ಲ ನೀನು. ನಂದ್ ಬ್ಯಾಡ, ಅಲ್ ಬಂದಿದ್ರಲ್ಲ, ಯಾರ್ ಮುಖಾನೂ ನೋಡ್ತಿರ್ಲಿಲ್ಲ. ಇಷ್ಟ್ ವರ್ಸ ನಾನ್ ಬಾಗ್ಲಲ್ ನಿಂತಿದ್ನಲ್ಲಾ, ಒಳಿಕ್ ಓಗೋರು, ಬರೋರು, ಕಾಗ್ದ ಈಸ್ಕೊಳೋರು, ಪ್ಲೀಸ್ ಅನ್ನೋರು, ಥ್ಯಾಂಕ್ಸ್ ಅನ್ನೋರು, ಎಲ್ಲಾ ಒಳ್ಳೇ ಮಾತೇ. ಆದ್ರೆ ಮುಖ ನೋಡಿ ಅಂದೋರು ಒಬ್ಬಿಬ್ರು. ಅವರ್ ಎಸ್ರು ನಂಗ್ ಈಗ್ಲೂ ನೆನಪೈತೆ."

ಅವರು ತಮ್ಮ ನೋವು ಎಂದು ಹೇಳಿಕೊಂಡದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ. ಹೇಳಿದ ಮರುಗಳಿಗೆ ಎದ್ದು, "ಲೇ, ಕೂಸಿಗೆ ತಿನ್ನಕ್ ಏನಾರಾ ಕೊಡೇ" ಎಂದು ಒಳಗೆ ಕೂಗಿದರು. ಅತ್ತೆ ನನ್ನ ಜೊತೆ ಮೊದಲಿನಂತೆ ಮಾತಾಡಲು ದೀಪಾವಳಿಯವರೆಗೆ ಹಿಡಿಯಿತು. ಅವರ ಕಣ್ಣಿನ ಆಪರೇಷನ್ನಿಗೆ ನಾನು ಮೂರು ದಿನ ರಜೆ ಹಾಕಿ ಪಕ್ಕದಲ್ಲಿದ್ದೆ. ಕಟ್ಟು ಬಿಚ್ಚಿದ ದಿನ ಅತ್ತೆ ನನ್ನನ್ನು ಬಹಳ ಹೊತ್ತು ನೋಡಿ, "ಮುಖ ಕಾಣಿಸ್ತದೆ" ಎಂದರು. ಚುಚ್ಚಿದರೋ, ಕ್ಷಮಿಸಿದರೋ... ಎರಡೂ ಇರಬಹುದು.

ಮಾವ ನಿವೃತ್ತರಾದ ಕೆಲವು ವರ್ಷಕ್ಕೆ ಪಾರ್ಶ್ವವಾಯು ಹೊಡೆಯಿತು. ಸೇಲಂನ ಒಂದು ಆಸ್ಪತ್ರೆಗೆ ಸೇರಿಸಿದರು. ಬಲಗೈ ಹೋಯಿತು. ಅದಕ್ಕಿಂತ ವಿಚಿತ್ರ ಎಂದರೆ, ನಾಲ್ಕು ದಿನದ ಮೇಲೆ ಮಾತು ಬಂದಾಗ ಬಂದದ್ದು ನಂಗವಳ್ಳಿಯ ಕನ್ನಡ ಮಾತ್ರ. ಬಾಗಿಲಲ್ಲಿ ನಿಂತು ಅಷ್ಟು ವರ್ಷ ಕೂಡಿಹಾಕಿದ ಇಂಗ್ಲಿಷ್ ಹೋಗಿತ್ತು. ಜೀವಮಾನವೆಲ್ಲ ಆಡಿದ ತಮಿಳೂ ಹೋಗಿತ್ತು. ನರ್ಸುಗಳು ಒಳ್ಳೆಯವರೇ, ಆದರೆ ಅವರಿಗೆ ಇವರು ಹೇಳುವುದು ತಿಳಿಯದು. ಅತ್ತೆ ಸ್ನಾನಕ್ಕೋ ಊಟಕ್ಕೋ ಹೋದರೆ ಮಾವ ನೀರು ನೀರು ಎಂದು ಕೂಗಿ ಸುಸ್ತಾಗಿ ಸುಮ್ಮನಾಗುತ್ತಿದ್ದರಂತೆ.

ಅದನ್ನು ಕೇಳಿದ ದಿನ ನಾನು ನಮ್ಮ ಆಫೀಸಿನಲ್ಲಿ ಕೂತು ಒಂದು ಹಾಳೆ ಟೈಪ್ ಮಾಡಿದೆ. ಎಡಗಡೆ ಮಾವ ಹೇಳುವುದನ್ನು, ಕೇಳಿದಾಗ ಗುರುತು ಸಿಗಲೆಂದು ತಮಿಳು ಅಕ್ಷರದಲ್ಲೇ ಹಾಕಿದೆ. ಬಲಗಡೆ ಅದರ ಅರ್ಥ, ನನಗೆ ಗೊತ್ತಿರುವ ಅತ್ಯಂತ ಮರ್ಯಾದೆಯ ತಮಿಳಿನಲ್ಲಿ. ಮಾವ "ಲೇ, ನೀರ್ ತಾ" ಎಂದರೆ: ದಯವಿಟ್ಟು ಕುಡಿಯಲು ನೀರು ಕೊಡಿ. "ಅಯ್ಯೋ ಬುಡ್ಲಾ" ಎಂದರೆ: ಕೈ ನೋಯುತ್ತಿದೆ, ಸ್ವಲ್ಪ ಮೆಲ್ಲಗೆ ಹಿಡಿಯಿರಿ. "ಇದೇನ್ ಸೆಕೆನೋ" ಎಂದರೆ: ಸಾಧ್ಯವಾದರೆ ಫ್ಯಾನ್ ಹಾಕಿ, ವಂದನೆಗಳು. ಹದಿನೆಂಟು ಸಾಲಾಯಿತು. ಅದನ್ನು ಅವರ ಮಂಚದ ತಲೆದೆಸೆಗೆ ಅಂಟಿಸಿದೆ. ಚಿಕ್ಕ ವಯಸ್ಸಿನ ಒಬ್ಬ ನರ್ಸು ಅದನ್ನು ಓದಿ, ಮಾವನ ಕಡೆ ನೋಡಿ, "ತಾತ ರೊಂಬ ಡೀಸೆಂಟ್" ಎಂದಳು. ತಾತ ಬಹಳ ಸಭ್ಯಸ್ಥರು. ಅದೇ ಹೊತ್ತಿಗೆ ಮಾವ ಅವಳನ್ನು ನಂಗವಳ್ಳಿಯ ಮಾತಿನಲ್ಲಿ ಚೆನ್ನಾಗಿ ಬೈಯುತ್ತಿದ್ದರು. ಆ ಬೈಗುಳ ಹಾಳೆಯಲ್ಲಿರಲಿಲ್ಲ. ನಾನೂ ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಮಾವನೂ ಬಾಯಿಯ ಒಂದೇ ತುದಿಯಿಂದ ನಕ್ಕ ಹಾಗಿತ್ತು.

ಮನೆಗೆ ಬಂದು ಎಂಟು ತಿಂಗಳು ಇದ್ದರು. ತಮಿಳು ಪಂಚಾಂಗದ ಪುರಟ್ಟಾಸಿ ತಿಂಗಳ ಒಂದು ಬೆಳಿಗ್ಗೆ, ನಾನು ಕೌಂಟರಿನಲ್ಲಿರುವಾಗ, ಅಮ್ಮನ ಫೋನು ಬಂತು.

ಸಾವಿನ ರಜೆಗೆ ನಮ್ಮಲ್ಲಿ ಒಂದು ಫಾರ್ಮ್ ಇದೆ. ತೀರಿಕೊಂಡವರಿಗೂ ನಿಮಗೂ ಏನು ಸಂಬಂಧ ಎಂದು ಅದರಲ್ಲಿ ಕೇಳುತ್ತದೆ. ಎದುರುಮನೆಯವರು ಎಂದು ಬರೆದೆ. ಗುಮಾಸ್ತೆ ಮರುಕದಿಂದಲೇ, ಇದಕ್ಕೆ ಈ ರಜೆ ಬರುವುದಿಲ್ಲ ಮೇಡಂ, ರಕ್ತ ಸಂಬಂಧ ಬೇಕು, ಕ್ಯಾಶುವಲ್ ಲೀವ್ ಹಾಕಿ ಎಂದಳು. ಬೇರೆ ಹಾಳೆ ತೆಗೆದುಕೊಂಡೆ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಎಷ್ಟೋ ಜನರಿಗೆ ಅರ್ಜಿ ಬರೆದುಕೊಟ್ಟ ಕೈ ಅದು. ಎಂಥ ಸಂಗತಿಗೂ ಆಫೀಸಿನಲ್ಲಿ ಒಂದು ಹೆಸರಿದೆ ಎಂದು ನಂಬಿಕೊಂಡು ಬಂದವಳು ನಾನು. ಬಸ್ಸಿಗೆ ಹೊತ್ತಾಗುತ್ತಿತ್ತು. ಕೊನೆಗೆ ಎಲ್ಲರೂ ಬರೆಯುವುದನ್ನೇ ಬರೆದೆ: ಪರ್ಸನಲ್ ವರ್ಕ್. ಸ್ವಂತ ಕೆಲಸ.

ಎರಡು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಮ್ಯಾನೇಜರು ನನ್ನನ್ನು ಮೆಟ್ಟಿಲಲ್ಲಿ ಕಂಡು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಎನ್ನ ಮ್ಮಾ, ವೇಲೈ ಮುಡಿಂಜುದಾ?" ಕೆಲಸ ಮುಗಿಯಿತಾ? ಮುಗಿಯಿತು ಸರ್ ಎಂದೆ. ದನಿ ಕಡೆಯ ಪದದಲ್ಲಿ ಕೈಕೊಟ್ಟಿತು.

ಈಗ ಆರು ವರ್ಷವಾಯಿತು. ಆ ಮ್ಯಾನೇಜರ ಕೋಣೆಯಲ್ಲಿ ಇಂದು ನಾನು ಕೂರುತ್ತೇನೆ. ಇಡೀ ದಿನ ಮೂರು ಭಾಷೆಯಲ್ಲಿ ಮಾತಾಡುತ್ತೇನೆ, ಎಲ್ಲ ಸರಿಯಾದ ಮಾತೇ. ಆದರೆ ಅದನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, ಇಷ್ಟು ಸರಿ, ಇಷ್ಟು ಅಳು ಎಂದು ಹೇಳುವವರು ಯಾರೂ ಇಲ್ಲ. ಮ್ಯಾನೇಜರಿಗೆ ಅಂದು ನಾನು ಹೇಳಿದ್ದು ಸುಳ್ಳು. ಆ ಕೆಲಸ ಇನ್ನೂ ಮುಗಿದಿಲ್ಲ.